ಕ್ಲಾರಿನೆಟ್ಟಿಗೆ ಆಸರೆಯಾಗಿದ್ದ ಹಲ್ಲು

ಚಾಮರಾಜನಗರ, ೧೦ ಫೆಬ್ರವರಿ ೨೦೨೬, ಮಂಗಳವಾರ

ಮೇಲ್ಸಾಲಿನ ಮುಂದಿನ ಹಲ್ಲು ಇವತ್ತು ಹೋಯಿತು. ಊದುವಾಗ ಕ್ಲಾರಿನೆಟ್ಟಿನ ಮೂತಿ ಊರುತ್ತಿದ್ದದ್ದು ಅದರ ಮೇಲೇ.

ಹೋದ ವರ್ಷ ರೂಟ್ ಕೆನಾಲ್ ಮಾಡಿಸಿದ ಮೇಲೆ ನೋವಿರಲಿಲ್ಲ. ಹಲ್ಲು ಗಟ್ಟಿಯಾಯಿತೆಂದೇ ನಂಬಿದ್ದೆ. ಮೊನ್ನೆ ಒಸಡು ಬಾತುಕೊಂಡಿತು. ಇವತ್ತು ಗುಂಡ್ಲುಪೇಟೆಯ ಹಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. "ಒಳಗೆ ತುಂಬಾ ಅಗಲ ಕೊರೆದಿದ್ದಾರೆ. ಬೇರಿನ ಗೋಡೆ ತೆಳುವಾಗಿ ಉದ್ದಕ್ಕೂ ಸೀಳಿದೆ. ಈಗೆಲ್ಲ ನಾವು ಅಷ್ಟು ಕೊರೆಯಲ್ಲ. ಇದನ್ನ ಕೀಳಲೇಬೇಕು."

"ಭಾನ್ವಾರ ಉಮ್ಮತ್ತೂರಲ್ಲಿ ಮದ್ವೆ ಅದೆ ಮೇಡಂ. ಅಲ್ಲೀಗಂಟ ತಡೀತದಾ?"

"ಕೀವು ಮೂಳೆ ತಿಂತಾ ಇದೆ, ಅಮೀರ್ ಜಾನ್. ಪಕ್ಕದ ಹಲ್ಲೂ ಹೋಗುತ್ತೆ."

ಬಾಯಿ ತೆರೆದೆ.

ಮನೆಗೆ ಬಂದು ಊದದೆ, ಸುಮ್ಮನೆ ವಾದ್ಯವನ್ನು ತುಟಿಗಿಟ್ಟು ನೋಡಿದೆ. ಮೂತಿ ಖಾಲಿ ಜಾಗಕ್ಕೆ ಜಾರಿತು. ಎಷ್ಟು ಸಲ ಇಟ್ಟರೂ ಅಲ್ಲಿಗೇ. ಬಾಯಿ ನನ್ನದಲ್ಲ ಅನ್ನಿಸಿತು.

ಬ್ಯಾಂಡಿನ ಯಜಮಾನ ಮಾದೇಶನಿಗೆ ಫೋನ್ ಮಾಡಿದೆ. ಹಲ್ಲು ಹೋದದ್ದು ಹೇಳಿದೆ.

"ಹಲ್ಲು ಕಟ್ಸಿ ಅದು ಒಂದ್ಕೊಳ್ಳಗಂಟ ತಾಳ ಇಡ್ಕೊ ಬುಡ್ಲಾ. ಊದಾಕೆ ಬ್ಯಾರೆಯವ್ರ ಕರೀತೀನಿ."

"ಆಯ್ತು ಕಣಪ್ಪ" ಅಂದೆ. ಒಂದುವೇಳೆ ಹೊಂದಿಕೊಳ್ಳದಿದ್ದರೆ ಅಂತ ಇಬ್ಬರೂ ಕೇಳಲಿಲ್ಲ.

ಒಳಗೆ ಹೆಂಡತಿ ಕುಲ್ಸುಂ ನನ್ನ ಕೆಂಪು ಕೋಟಿಗೆ ಇಸ್ತ್ರಿ ಹಾಕುತ್ತಿದ್ದಾಳೆ. ನಮ್ಮ ಬ್ಯಾಂಡಿನಲ್ಲಿ ಊದುವವರಿಗೆ ಮಾತ್ರ ಆ ಕೋಟು. ಭಾನುವಾರ ನಾನು ಬರೀ ತಾಳಕ್ಕೆ ಅಂತ ಅವಳಿಗೆ ಇನ್ನೂ ಹೇಳಿಲ್ಲ. ಹೇಳಬೇಕು, ಆದರೆ ಇಸ್ತ್ರಿ ಮುಗಿಯಲಿ.