ಅಣ್ಣನ ಪಾಲಿನ ಅರ್ಧ

ತೀರ್ಥಹಳ್ಳಿ
ಆಗಮನ ಕಾಲದ ಎರಡನೇ ವಾರ, ಗುರುವಾರ

ಪ್ರೀತಿಯ ಸೆವ್ರಿನ್ ಅತ್ತಿಗೆಗೆ,

ನಿನ್ನೆ ಹೊಸನಗರದಲ್ಲಿ ಬಸ್ಸು ಹತ್ತುವಾಗ ನಿಮಗೆ ಸರಿಯಾಗಿ ಒಂದು ಮಾತೂ ಹೇಳದೆ ಬಂದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಬರುವುದು ಎರಡೇ ಕೆಲಸ, ಗಿರಾಕಿಗಳಿಗೆ ಸುಳ್ಳು ಹೇಳುವುದು ಮತ್ತು ಮನೆಯವರ ಮೇಲೆ ರೇಗುವುದು. ಬುಧವಾರ ಕೊಡುತ್ತೇನೆಂದ ರವಿಕೆಯನ್ನು ಶನಿವಾರ ಕೊಡುವ ಟೈಲರಮ್ಮ ನಾನು. ಊರನ್ನೆಲ್ಲ ಕಾಯಿಸುತ್ತೇನೆ, ನನ್ನನ್ನು ಮಾತ್ರ ಯಾರೂ ಕಾಯಿಸಬಾರದು. ಈ ಬುದ್ಧಿಯಿಂದಲೇ ನಾನು ಎಂಥ ತಪ್ಪು ಮಾಡಲು ಹೊರಟಿದ್ದೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಬಾಜಿಲಣ್ಣ ಸಾಗರದಿಂದ ತೀರ್ಥಹಳ್ಳಿಗೆ ಬರುವ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರಾಗಿದ್ದವನು. ಸ್ಟ್ಯಾಂಡಿನ ಆಚೆ ತುದಿಗೂ ಕೇಳುವ ಗಂಟಲು, ಯಾವಾಗಲೂ ಅವಸರ. ಮನೆಯಲ್ಲಿ ಸಂಜೆ ಏಳಕ್ಕೆ ಜಪಸರಕ್ಕೆ ಕೂತರೂ ಅದೇ ಕಥೆ. ಅಪ್ಪನ ಕಾಲದಿಂದ ನಮ್ಮಲ್ಲಿ ಒಬ್ಬರು 'ನಮೋ ಮರಿಯ' ಎಂದು ಮೊದಲರ್ಧ ಹೇಳಿದರೆ, ಇನ್ನೊಬ್ಬರು 'ಸಂತ ಮರಿಯ' ಎಂದು ಉಳಿದರ್ಧ ಹೇಳಿ ಮುಗಿಸಿ, ಒಂದು ಮಣಿ ಸರಿಸಬೇಕು. ನೀವು ಮದುವೆಯಾಗಿ ಬಂದ ಮೇಲೆ ಮೊದಲರ್ಧ ನಿಮ್ಮದಾಯಿತು, ಎರಡನೆಯದು ಅಣ್ಣನದು. ಆದರೆ ನಿಮ್ಮ ಅರ್ಧವನ್ನು ಪೂರ್ತಿ ಹೇಳುವ ಭಾಗ್ಯ ನಿಮಗೆ ಒಂದು ದಿನವೂ ಸಿಗಲಿಲ್ಲ. ಕೊನೆಯ ಎರಡು ಮಾತು ಬಾಕಿ ಇರುವಾಗಲೇ ಅವನು ಶುರು ಮಾಡುತ್ತಿದ್ದ. "ನನ್ನ ಅರ್ಧ ಮುಗ್ಸೋಕೆ ಬಿಡಿ ಮಾರಾಯ್ರೆ, ಮರಿಯಮ್ಮನಿಗೇನು ಬಸ್ಸು ತಪ್ಪತ್ತಾ?" ಎಂದು ನೀವು ಗದರಿದ್ದು, ಪ್ರಾರ್ಥನೆಯ ನಡುವೆ ನಾವು ನಕ್ಕು ಅಪ್ಪನ ಹತ್ತಿರ ಬೈಸಿಕೊಂಡಿದ್ದು ಎಷ್ಟು ಸಲವೋ.

ಹೋದ ವರ್ಷ ಜೂನಿನಲ್ಲಿ ಪಾರ್ಶ್ವವಾಯು ಬಡಿದು ಅವನ ಬಲಭಾಗ ಹೋಯಿತು, ಆ ಗಂಟಲೂ ಹೋಯಿತು. ಕಣ್ಣು ತೆರೆದಿರುತ್ತಾನೆ, ಆದರೆ ಯಾರು ಏನು ಹೇಳಿದರೂ ಅರ್ಥವಾಗುವ ಲಕ್ಷಣ ಕಾಣುತ್ತಿಲ್ಲ ಎಂದರು ಡಾಕ್ಟರು. ಮನೆಗೆ ಕರೆತಂದ ಮೊದಲ ಸಂಜೆಯೇ ನೀವು ಅವನ ಎಡಗೈಗೆ ಜಪಸರ ಕೊಟ್ಟು, ನಿಮ್ಮ ಅರ್ಧ ಹೇಳಿ ಸುಮ್ಮನಾದಿರಿ. ನೀವು ಮರೆತಿರೇನೋ ಎಂದು ನಾನು ಉಳಿದರ್ಧ ಹೇಳತೊಡಗಿದೆ. ನೀವು ಕೈ ಎತ್ತಿ ತಡೆದಿರಿ. "ಬೇಡ ಜೆಸ್ಸಿ. ಅದು ಅವರ ಪಾಲು."

ನನಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತೇ? ನಾಲಿಗೆಯೇ ಏಳದವನ ಪಾಲು ಯಾವುದು ಎಂದು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಅಣ್ಣನನ್ನು ಮಗ್ಗುಲಿಗೆ ತಿರುಗಿಸಲು ದಿನವೂ ಬರುವ ಪಕ್ಕದ ಮನೆಯ ಹುಲಿಯಮ್ಮನಿಗಿದ್ದ ವಿವೇಕ ನನಗಿರಲಿಲ್ಲ. ಅವಳು ಗೋಡೆಗೊರಗಿ ಕೂತು ನಿಮ್ಮ ಜೊತೆ ಸುಮ್ಮನೆ ಕಾಯುತ್ತಿದ್ದಳು. "ಕಂಡಕ್ಟ್ರಣ್ಣ ಇನ್ನೂ ರೈಟ್ ಅನ್ಲಿಲ್ಲ, ಗಾಡಿ ನಿಂತಿರ್ಲಿ ಬಿಡಿ ಅಮ್ಮ" ಎನ್ನುತ್ತಿದ್ದಳು. ನಾನು ಬಂದಾಗಲೆಲ್ಲ ಜಪಸರದ ಹೊತ್ತಿಗೆ ಮೊಬೈಲು ಹಿಡಿದು ಜಗಲಿಗೆ ಹೋಗುತ್ತಿದ್ದೆ. ನಿಮ್ಮ ದನಿ ಕೇಳುತ್ತಿತ್ತು, ಆಮೇಲೆ ಮೌನ. ಕೆಲವು ಮೌನ ಗಿಡ್ಡ, ಕೆಲವು ಉದ್ದ. ಪಾಪ, ದಣಿದು ತೂಕಡಿಸುತ್ತಿದ್ದೀರಿ ಎಂದುಕೊಳ್ಳುತ್ತಿದ್ದೆ.

ನೀವು ಅಳುವುದನ್ನು ನಾನು ನೋಡಲಿಲ್ಲ, ದೊಡ್ಡ ಮಾತಾಡುವುದನ್ನೂ ಕೇಳಲಿಲ್ಲ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿದಿರಿ. ವಾರಕ್ಕೆ ಎರಡು ಸಲ ಗಡ್ಡ ತೆಗೆದಿರಿ, ಮೀಸೆಯ ತುದಿ ಮಾತ್ರ ಅವನಿಗೆ ಬೇಕಾದ ಹಾಗೆ ಬಿಟ್ಟಿರಿ. ನೋಡಲು ಬಂದ ನರ್ಸಮ್ಮ, ಹದಿನೆಂಟು ತಿಂಗಳಲ್ಲಿ ಬೆನ್ನಿಗೆ ಒಂದು ಹುಣ್ಣೂ ಇಲ್ಲವಲ್ಲ ಎಂದು ನಿಮ್ಮ ಕೈಯನ್ನೇ ತಿರುಗಿಸಿ ನೋಡಿದ್ದರು. ಒಂದು ದಿನ ನಾನು ತಡೆಯಲಾರದೆ, ದೇವರು ಕೇಳಿಸಿಕೊಳ್ಳುತ್ತಿಲ್ಲ ಅತ್ತಿಗೆ ಎಂದೆ. ನೀವು ಅವನ ಬಾಯಿ ಒರೆಸುತ್ತ ತಲೆಯೆತ್ತದೆ ಹೇಳಿದಿರಿ: "ನಂಗೂ ಒಂದೊಂದ್ಸಲ ಹಾಗೇ ಅನ್ಸತ್ತೆ, ಜಗಳಾನೂ ಆಡ್ತೀನಿ. ಆದ್ರೆ ಉತ್ತರ ಬರೋ ಹೊತ್ತಿಗೆ ನಾನು ಇಲ್ಲಿರ್ಬೇಕಲ್ಲ ಜೆಸ್ಸಿ. ಅಷ್ಟೇ ನನ್ನ ಕೆಲ್ಸ."

ಆ ಮಾತು ನನ್ನ ತಲೆಗೆ ಇಳಿಯಲಿಲ್ಲ. ನೀವು ಸವೆದು ಕಡ್ಡಿಯಾಗುತ್ತಿರುವುದು ಮಾತ್ರ ಕಂಡಿತು. ಶಿವಮೊಗ್ಗದಲ್ಲಿ ಇಂಥವರನ್ನು ನೋಡಿಕೊಳ್ಳುವ ಒಂದು ಮನೆ ಹುಡುಕಿದೆ, ಹಾಸಿಗೆ ಗೊತ್ತು ಮಾಡಿದೆ, ಆಂಬುಲೆನ್ಸಿನ ಪ್ರದೀಪನಿಗೆ ಬುಧವಾರ ಬೆಳಿಗ್ಗೆ ಬಾ ಎಂದೆ. ಬಂಧುಗಳೆಲ್ಲ ನನ್ನ ಕಡೆಗೇ ಇದ್ದರು. ಮಂಗಳವಾರ ನಾನು ಚೀಲ ಹಿಡಿದು ಬಂದು ವಿಷಯ ಹೇಳಿದಾಗ ನೀವು ತಲೆಯೆತ್ತಿ ಗಡಿಯಾರ ನೋಡಿದಿರಿ. "ಜಪಸರ ಮುಗಿಸಿ ಮಾತಾಡಣ. ಇವತ್ತೊಂದಿನ ಒಳಗೇ ಕೂತ್ಕೋ. ಅವರ ಎಡಗಡೆಗೆ. ಮೊಬೈಲು ಅಲ್ಲಿಡು."

ಕೂತೆ. ಬೇರೆ ನೋಡಲು ಏನೂ ಇಲ್ಲದ್ದರಿಂದ ಅವನ ಕೈ ನೋಡಿದೆ. ನೀವು ನಿಮ್ಮ ಅರ್ಧ ಹೇಳಿ ಮುಗಿಸಿದಿರಿ. ಮೌನ. ಆಮೇಲೆ, ಇಪ್ಪತ್ತಾರು ವರ್ಷ ಟಿಕೆಟಿನ ಕಟ್ಟಿನ ಮೇಲೆ ಆಡಿದ ಆ ಎಡಗೈ ಹೆಬ್ಬೆರಳು ಮೆಲ್ಲಗೆ ಅಲ್ಲಾಡಿತು. ಒಂದು ಮಣಿ ಸರಿಯಿತು. ಅದು ಸರಿದ ಮೇಲೆ ನೀವು ಮುಂದಿನದನ್ನು ಶುರು ಮಾಡಿದಿರಿ.

ನರ ಎಳೆದಿರಬೇಕು ಎಂದುಕೊಂಡೆ. ಎರಡನೆಯ ಮಣಿ, ಮೂರನೆಯದು. ಒಂದಕ್ಕೆ ಬೇಗ, ಇನ್ನೊಂದಕ್ಕೆ ಬಹಳ ತಡ, ಆದರೆ ಪ್ರತಿ ಸಲವೂ ನಿಮ್ಮ ಮಾತು ನಿಂತ ಮೇಲೆಯೇ. ಮೂರನೇ ಹತ್ತು ಮಣಿಗಳ ಸುತ್ತಿನಲ್ಲಿ ನಿಮಗೆ ಕೆಮ್ಮು ಬಂದು ಅರ್ಧಕ್ಕೇ ನಿಂತಿತು. ನೀರು ಕುಡಿದಿರಿ, ಗಂಟಲು ಸರಿ ಮಾಡಿಕೊಂಡಿರಿ. ಅಷ್ಟು ಹೊತ್ತೂ ನಾನು ಆ ಬೆರಳನ್ನೇ ನೋಡುತ್ತಿದ್ದೆ. ಅದು ಕದಲಲಿಲ್ಲ. ನೀವು ಬಿಟ್ಟಲ್ಲಿಂದ ಹೇಳಿ, ಕೊನೆಯ ಮಾತು ಮುಟ್ಟಿಸಿದ ಮೇಲೆ ಮಣಿ ಸರಿಯಿತು. ನಿಮ್ಮ ಅರ್ಧ ಮುಗಿಸಲು ಜನ್ಮದಲ್ಲಿ ಬಿಡದಿದ್ದ ನನ್ನ ಅಣ್ಣ ನಿಮಗಾಗಿ ಕಾಯುತ್ತಿದ್ದ, ಅತ್ತಿಗೆ.

ಅತ್ತಿದ್ದು ನಾನೇ. ಮೊದಲೇ ಯಾಕೆ ಹೇಳಲಿಲ್ಲ ಎಂದು ನಿಮ್ಮನ್ನೇ ತರಾಟೆಗೆ ತೆಗೆದುಕೊಂಡೆ, ನನ್ನ ಬುದ್ಧಿ ಎಲ್ಲಿಗೆ ಹೋದೀತು? ನೀವು ಬೈಯಲಿಲ್ಲ. "ಈಸ್ಟರ್ ಕಳೆದ್ಮೇಲೆ ಹೇಳಿದ್ನಲ್ಲ. ಸುಮ್ನೆ ನರ ಎಳ್ಯತ್ತೆ ಅಂದ್ಬಿಟ್ಟೆ ನೀನು. ಸರಿ, ನೀನೇ ಕೂತು ನೋಡೋತನಕ ಕಾಯಣ ಅಂದ್ಕೊಂಡೆ." ಅಣ್ಣನಿಗಾಗಿ ಮಾತ್ರ ಕಾಯುತ್ತಿದ್ದೀರಿ ಎಂದುಕೊಂಡಿದ್ದೆ. ಆ ಸಾಲಿನಲ್ಲಿ ನಾನೂ ಇದ್ದೆನಲ್ಲ.

ಪ್ರದೀಪನಿಗೆ ಬರಬೇಡ ಎಂದು ಹೇಳಿದ್ದು ನಿಮಗೆ ಗೊತ್ತು. ಇವತ್ತು ಡಾಕ್ಟರಿಗೂ ಫೋನು ಮಾಡಿದೆ. ಅವರು ಹೆಚ್ಚು ಆಸೆ ಹುಟ್ಟಿಸಲಿಲ್ಲ, ಮುಂದಿನ ವಾರ ಬಂದು ನೋಡುತ್ತೇನೆ ಎಂದರು. ಅಣ್ಣ ಎದ್ದು ಕೂರುತ್ತಾನೋ, ಮಾತಾಡುತ್ತಾನೋ, ನನಗೆ ಗೊತ್ತಿಲ್ಲ. ಪ್ರಭು ಬರುವ ಹೊತ್ತಿಗೆ ಎಚ್ಚರವಾಗಿರಿ ಎಂದು, ಕ್ರಿಸ್‌ಮಸ್ಸಿಗೆ ಮುಂಚಿನ ಈ ಆಗಮನ ಕಾಲದಲ್ಲಿ ಪ್ರತಿ ವರ್ಷವೂ ಫಾದರ್ ಪ್ರಸಂಗ ಮಾಡುವಾಗ ನಾನು ಹಬ್ಬಕ್ಕೆ ಬಾಕಿ ಇರುವ ರವಿಕೆಗಳನ್ನು ಎಣಿಸುತ್ತ ಕೂತಿರುತ್ತಿದ್ದೆ. ಎಚ್ಚರವಾಗಿರುವವರು ಹೇಗಿರುತ್ತಾರೆಂದು ಈಗ ನೋಡಿದೆ. ನಿಮ್ಮನ್ನು ನಮ್ಮ ಮನೆಗೆ ಕೊಟ್ಟದ್ದಕ್ಕೆ ದೇವರಿಗೆ ನಾನು ಒಂದು ದಿನವೂ ಸ್ತೋತ್ರ ಹೇಳಿರಲಿಲ್ಲ. ಇವತ್ತು ಹೇಳಿದೆ.

ಸಂಜೆ ಏಳಕ್ಕೆ ಅಂಗಡಿಯಲ್ಲಿ ಮಿಷನ್ನು ನಿಲ್ಲಿಸಿ ಮೊದಲರ್ಧ ಹೇಳಿ ಸುಮ್ಮನೆ ಕೂತೆ. ರವಿಕೆಗೆ ಬಂದಿದ್ದ ಮೂಕಮ್ಮ ಬಾಗಿಲಲ್ಲೇ ನಿಂತು, ಯಾಕಮ್ಮ ಸುಮ್ಮನಾಗಿದ್ದು ಎಂದಳು. ನಮ್ಮಣ್ಣನ ಸರದಿ ಎಂದೆ.

ಜಪಸರ ಮುಗಿದ ಮೇಲೆ ಕಿರಿಯರು ಹಿರಿಯರ ಆಶೀರ್ವಾದ ಕೇಳುವ ಪದ್ಧತಿಯನ್ನು ನಾನು ಬಿಟ್ಟು ಎಷ್ಟೋ ವರ್ಷವಾಯಿತು. ಇವತ್ತು ಕೇಳುತ್ತಿದ್ದೇನೆ, ಹರಸಿ ಅತ್ತಿಗೆ. ಈ ಕಾಗದವನ್ನು ಅಣ್ಣನಿಗೂ ಓದಿ ಹೇಳಿ, ಜೆಸ್ಸಿ ಆಶೀರ್ವಾದ ಕೇಳಿದ್ದಾಳೆ ಅನ್ನಿ. ಅವನು ಯಾವಾಗ ಕೊಟ್ಟರೂ ಸರಿ, ನಾನು ಕಾಯುತ್ತೇನೆ.

ಬರಲಿರುವ ಪ್ರಭು ಬಂದಾಗ ಮೊದಲು ನಿಮ್ಮ ಬಾಗಿಲನ್ನೇ ತಟ್ಟಲಿ.

ನಿಮ್ಮ ನಾದಿನಿ,
ಜೆಸಿಂತಾ