ನಿಮ್ಮ ತಮ್ಮ ನಡೆದು ಬರುತ್ತಿದ್ದಾರೆ

ಹಾಗೆನ್, ಮಿಷನ್ ವಸತಿ
ಆಗಸ್ಟ್ ೧೪, ಸೋಮವಾರ

ಪ್ರೀತಿಯ ಕಾಪಿಯಾ ಅಕ್ಕನಿಗೆ,

ಮಗು ಚೆನ್ನಾಗಿದ್ದಾಳೆ. ಈ ಕಾಗದ ಬಿಚ್ಚಿದ ಕೂಡಲೇ ನಿಮ್ಮ ಕಣ್ಣು ಹುಡುಕುವುದು ಆ ಸುದ್ದಿಯನ್ನೇ ಎಂದು ಗೊತ್ತು, ಅದಕ್ಕೇ ಕುಶಲ ಕೇಳುವ ಮೊದಲೇ ಬರೆದುಬಿಟ್ಟೆ. ಕೆನ್ನೆ ತುಂಬಿಕೊಂಡಿವೆ. ಸ್ನಾನ ಮಾಡಿಸುವಾಗ ಥೇಟ್ ಅವಳ ಅಪ್ಪ ವಾಂಬಿಯ ಹಾಗೆ ಹುಬ್ಬು ಗಂಟು ಹಾಕುತ್ತಾಳೆ. ಅವನಿಗೆ ಇದನ್ನು ಹೇಳಿ. ಅವನು ಕೇಳುವುದಿಲ್ಲ ಎಂದರೆ ಅವನ ಕಿವಿಗೆ ಬೀಳುವ ಹಾಗೆ ಬೇರೆ ಯಾರಿಗಾದರೂ ಹೇಳಿ.

ನಮ್ಮ ಇನ್ನೊಬ್ಬ ಪೈಲಟ್ ಆಂಗಸ್ ಬುಧವಾರ ನಿಮ್ಮ ಕಡೆ ಹಾದು ಹೋಗುವಾಗ ಈ ಗಂಟನ್ನು ಚರ್ಚಿನ ಹಿಂದಿನ ಗೆಣಸಿನ ತೋಟದ ಮೇಲೆ ಎಸೆಯುತ್ತಾರೆ. ಜೊತೆಯಲ್ಲಿ ಉಪ್ಪು, ಸೋಪು, ಒಂದು ಡಬ್ಬಿ ಮೀನು ಇಟ್ಟಿದ್ದೇನೆ. ನಾನು ಮದುವೆಯಾಗಿ ಬಂದ ವರ್ಷ ನೀವು ಎಲ್ಲರೆದುರು ಹೇಳಿದ್ದು ನೆನಪಿದೆಯೇ? “ಕಡಲ ಹುಡ್ಗಿ, ನಿನ್ನ ಮೈಯೆಲ್ಲ ಮೀನಿನ ವಾಸ್ನೆ. ನಮ್ಮ ಹಂದಿಗಳು ಹೆದರಿ ಕಾಡಿಗೆ ಓಡ್ತಾವೆ ನೋಡು!” ಅಂದು ಮನೆಯ ಹಿಂದೆ ಕೂತು ಅತ್ತಿದ್ದೆ. ಈಗ ಅಂಥದೊಂದು ಮಾತು ನಿಮ್ಮ ಬಾಯಿಂದ ಬಂದರೆ ಸಾಕು ಅನ್ನಿಸುತ್ತದೆ. ದಿನಾ ಬೆಳಿಗ್ಗೆ ರೇಡಿಯೋದ ಮುಂದೆ ಕೂತು ಒಂದೊಂದೇ ಊರನ್ನು ಕರೆಯುತ್ತೇನೆ. ಮೋಡ ಎಷ್ಟು ಕೆಳಗಿದೆ, ಗಾಳಿ ಯಾವ ಕಡೆಗಿದೆ, ಯಾರಿಗೆ ಕಾಯಿಲೆ, ಎಲ್ಲರೂ ಹೇಳುತ್ತಾರೆ. ವಾಪೆಲಿಕ್ ಎಂದು ಕರೆದಾಗ ಮಾತ್ರ ಬರೀ ಗೊರಗೊರ. ನಿಮ್ಮವರು ರೇಡಿಯೋ ಆರಿಸಿಟ್ಟಿದ್ದಾರೆ ಎಂದು ಗೊತ್ತಿದ್ದೂ ಕರೆಯುತ್ತೇನೆ.

ಅಕ್ಕ, ವಿಷಯ ಇಷ್ಟು. ನಿಮ್ಮ ತಮ್ಮ ಲಾಕರಿ ಊರಿಗೆ ಬರುತ್ತಿದ್ದಾರೆ. ವಿಮಾನದಲ್ಲಿ ಅಲ್ಲ, ಕಾಲ್ನಡಿಗೆಯಲ್ಲಿ. ಗುರುವಾರ ಅವರನ್ನು ಹೊಳೆಯಾಚೆಯ ಸುಯಾಮಾಯಿಯ ರನ್‌ವೇಯಲ್ಲಿ ಇಳಿಸುತ್ತಾರೆ. ಅಲ್ಲಿಂದ ಹೊಳೆ ದಾಟಿ, ಗುಡ್ಡ ಹತ್ತಿ, ಶನಿವಾರವೋ ಭಾನುವಾರವೋ ನಿಮ್ಮ ಬೇಲಿಯ ಹತ್ತಿರ ಇರುತ್ತಾರೆ. ಒಬ್ಬರೇ ಇರುತ್ತಾರೆ, ಹೆಗಲ ಮೇಲೆ ಒಂದು ಗುದ್ದಲಿ. ನಾನು ನಿಮಗೆ ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ಅವರನ್ನು ನೋಡುವ ಮೊದಲು ನೀವು ಇದನ್ನು ಓದಬೇಕು. ನಡೆದದ್ದನ್ನೆಲ್ಲ ನೀವು ಆ ಕಡೆ ನಿಂತು ನೋಡಿದ್ದೀರಿ. ಈ ಕಡೆಯಿಂದ ಅದು ಹೇಗಿತ್ತು ಎಂದು ನಿಮಗೆ ಯಾರೂ ಹೇಳಿಲ್ಲ.

ಅವರು ಕೊನೆಯ ಸಲ ಸರಕು ತುಂಬಿದ ವಿಮಾನ ತಂದು ನಿಮ್ಮ ಊರಿನಲ್ಲಿ ಇಳಿದಾಗ ಚಕ್ರ ಕೆಸರಿನಲ್ಲಿ ಹೂತು ವಿಮಾನ ಅರ್ಧ ತಿರುಗಿ ನಿಂತಿತಲ್ಲ. ನೀವೆಲ್ಲ ಸೇರಿ ತಳ್ಳಿದಿರಿ, ಕೂಗಾಡಿದಿರಿ, ನಕ್ಕಿರಿ. ಅವರಿಗೆ ನಗು ಬರಲಿಲ್ಲ. ಕಬ್ಬಿಣದ ಸಲಾಕೆ ಹಿಡಿದು ರನ್‌ವೇ ಉದ್ದಕ್ಕೂ ಚುಚ್ಚುತ್ತ ನಡೆದರು. ಕೆಳಗಿನ ತುದಿಯಲ್ಲಿ ಸಲಾಕೆ ಗಂಜಿಯಲ್ಲಿ ಇಳಿದಂತೆ ಇಳಿಯಿತಂತೆ. ಪಕ್ಕದ ದಂಡೆ ಕುಸಿದಿತ್ತು. ಮುಂದಿನ ವಾರ ಗಟ್ಟಿ ಜಾಗ ನೋಡಿ ಮೇಲಿನ ಅರ್ಧದಲ್ಲಿ ಖಾಲಿ ವಿಮಾನ ಇಳಿಸಿ, ಮುಚ್ಚಿದೆ ಎನ್ನುವ ಬಿಳಿ ಬಟ್ಟೆಯ ಅಡ್ಡ ಗುರುತನ್ನು ಹಾಸಿ, ಸುತ್ತ ಗೂಟ ಹೊಡೆದು ಬಂದರು. ಅದಾದ ಮೇಲೆ ಮಳೆ ಬಿದ್ದು ಆ ಅರ್ಧವೂ ಮೆತ್ತಗಾಯಿತು. ನಿಮ್ಮ ಅಪ್ಪ ಕೋಲಿನಲ್ಲಿ ಅಗೆದು ತೆಗೆದ ರನ್‌ವೇ ಅದು. ಅದರ ತಲೆಯ ಹತ್ತಿರವೇ ಅವರ ಗೋರಿ. ಗೂಟ ಹೊಡೆಯುವಾಗ ವಾಂಬಿ ಅಂದದ್ದನ್ನು ಲಾಕರಿ ಮನೆಗೆ ಬಂದು ಊಟಕ್ಕೆ ಕೂತಾಗ ನನಗೆ ಹೇಳಿದರು.

“ಬಿಳಿ ಪೈಲಟ್‌ಗಳು ಇಷ್ಟು ವರ್ಷ ಇಳಿದ್ರು, ಒಬ್ಬನಾದ್ರೂ ಆಗಲ್ಲ ಅಂದ್ನಾ? ನಮ್ಮನೆಯವನೇ ಬಂದು ಅಪ್ಪ ತೆಗ್ದ ಬಾಗಿಲಿಗೆ ಚಿಲಕ ಹಾಕ್ದ.”

ಬೇರೆ ಯಾರನ್ನಾದರೂ ಕಳಿಸಬಹುದಿತ್ತಲ್ಲ ಎಂದೆ. “ಬೇರೆಯವ್ರು ಹಾಕಿದ್ರೆ ವಾಂಬಿ ಕಿತ್ತೆಸೀತಿದ್ದ, ಗೆವಾ. ಯಾವನೋ ಗೊತ್ತಿಲ್ದೆ ಇಳಿದು ಸಾಯ್ತಿದ್ದ. ನಾನು ಹಾಕಿದ್ದನ್ನ ಅವನು ಕೀಳಲ್ಲ” ಎಂದರು. ವಾಂಬಿ ಕೀಳಲಿಲ್ಲ ಎಂದು ನಿಮಗೂ ಗೊತ್ತು.

ಮುಂದಿನದು ಬರೆಯುವುದು ಕಷ್ಟ. ನನ್ನ ಹೆರಿಗೆಯಾಯಿತೇ ಎಂದು ನೀವು ಸುಯಾಮಾಯಿಯ ಪಾಸ್ಟರ್ ಕೈಯಲ್ಲಿ ಎರಡು ಸಲ ಕೇಳಿಸಿದಿರಿ. ಉತ್ತರ ಕೊಡಬೇಡಿ ಎಂದು ಅವರಿಗೆ ನಾವೇ ಹೇಳಿದ್ದೆವು. ಅಕ್ಕ, ನಮ್ಮ ಮಗ ಉಸಿರಿಲ್ಲದೆ ಹುಟ್ಟಿದ. ಒಳ್ಳೆಯ ಆಸ್ಪತ್ರೆ, ಡಾಕ್ಟರ್, ಬೆಳಕು, ಎಲ್ಲ ಇತ್ತು. ಆದರೂ ಹಾಗಾಯಿತು. ಮಗುವನ್ನು ಮಲಗಿಸಲೆಂದು ನೀವು ನಾರಿನಲ್ಲಿ ಹೆಣೆದು ಕಳಿಸಿದ್ದ ಪುಟ್ಟ ಬಿಲುಮ್ ಚೀಲದಲ್ಲೇ ಅವನನ್ನು ಇಟ್ಟು ಲಾಕರಿ ಪ್ರಾರ್ಥನಾ ಮಂದಿರದ ಹಿಂದೆ ಮಣ್ಣು ಮಾಡಿದರು. ಆಂಗಸ್ ಗುಂಡಿ ತೋಡಲು ಬಂದರೆ ಬೇಡ ಎಂದರಂತೆ. ಮನೆಗೆ ಬಂದು ಕೈ ತೊಳೆದು, ನನ್ನ ಹಾಸಿಗೆಯ ಪಕ್ಕ ಕೂತು, ಊರಿಗೆ ತಿಳಿಸುವುದು ಬೇಡ ಎಂದರು. “ಅಪ್ಪನ ಬಾಗಿಲು ಮುಚ್ಚಿದ್ದಕ್ಕೆ ಆದ ಪೆಟ್ಟು ಅಂತಾರೆ. ನನ್ನನ್ನ ಅನ್ಲಿ ಬಿಡು. ಅವನ ಹೆಸ್ರಲ್ಲಿ ಆ ಮಾತು ಬೇಡ.” ಹೆಸರು ಏನು ಇಟ್ಟೆವೆಂದು ನೀವು ಬಂದಾಗ ಹೇಳುತ್ತೇನೆ.

ಅದಾಗಿ ಇನ್ನೂ ಮೈಯಲ್ಲಿ ಬಲ ಬಂದಿರಲಿಲ್ಲ. ಮನೆಯಲ್ಲಿ ಸುಮ್ಮನೆ ಮಲಗಿರಲು ಆಗದೆ ರೇಡಿಯೋ ಕೋಣೆಗೆ ಹೋಗಿ ಕೂರುತ್ತಿದ್ದೆ. ಆಗಲೇ ನಿಮ್ಮ ಊರಿನಿಂದ ಕರೆ ಬಂತು. ವಾಂಬಿಯ ದನಿ. ಹೆಂಡತಿ ಯೂನಿಸ್‌ಗೆ ಹೆಣ್ಣು ಮಗು ಹುಟ್ಟಿದೆ, ಮಾಸು ಬಿದ್ದಿಲ್ಲ, ರಕ್ತ ನಿಲ್ಲುತ್ತಿಲ್ಲ ಎಂದ. ಹೆಲಿಕಾಪ್ಟರಿಗೆ ಹೇಳಿದೆವು. ಕಣಿವೆಯ ಬಾಯಿಯಲ್ಲಿ ಮೋಡ ಕೂತಿದೆ, ನಾಳೆಯವರೆಗೆ ಆಗುವುದಿಲ್ಲ ಎಂದರು. ಲಾಕರಿ ಅಷ್ಟರಲ್ಲೇ ಹೊರಟಿದ್ದರು. ಯಾವಾಗಲೂ ಹೊರಡುವ ಮೊದಲು ರೆಕ್ಕೆಯ ಕೆಳಗೆ ನಿಂತು ಪ್ರಾರ್ಥನೆ ಮಾಡುತ್ತಾರೆ. ಅಂದು ಇಂಜಿನ್ ಹಾಕಿಕೊಂಡೇ ಮಾಡಿದರೋ ಏನೋ.

ಮೋಡದ ಮೇಲಿಂದ ದಾರಿ ಹುಡುಕಿ ಅವರು ನಿಮ್ಮ ಊರಿನ ಮೇಲೆ ಬಂದದ್ದನ್ನು ನೀವು ನೋಡಿದಿರಿ. ಒಂದು ಸುತ್ತು ಹಾಕಿದರು, ಇನ್ನೊಂದು ಹಾಕಿದರು, ಮೂರನೆಯದರಲ್ಲಿ ಹುಲ್ಲಿಗೆ ಚಕ್ರ ತಾಗುವಷ್ಟು ಕೆಳಗೆ ಬಂದು ಮತ್ತೆ ಎತ್ತಿಕೊಂಡರು. ಹೆದರಿದ ಎಂದು ನಿಮ್ಮ ಕಡೆಯವರು ಹೇಳುತ್ತಾರಂತೆ. ನಾನು ಅಷ್ಟೂ ಹೊತ್ತು ಇಬ್ಬರ ದನಿಯನ್ನೂ ಕಿವಿಯಲ್ಲಿ ಇಟ್ಟುಕೊಂಡಿದ್ದೆ.

“ಇಳಿ ಅಣ್ಣ. ಬಟ್ಟೆ ಎತ್ತಿಸ್ತೀನಿ. ಇಳಿ” ಎನ್ನುತ್ತಿದ್ದ ವಾಂಬಿ.

“ನೀರು ನಿಂತಿದೆ ಕಣೋ, ಮೇಲಿಂದ ಹೊಳೀತಾ ಇದೆ.”

“ನೀನು ಇಳೀತೀಯ. ನಿಂಗೆ ಬರುತ್ತೆ.”

“ಇಳಿದ್ರೂ ಏಳಲ್ಲ ವಾಂಬಿ. ಯೂನಿಸ್‌ನ ಒಳಗೆ ಹಾಕ್ಕೊಂಡು ನಾನು ಎಲ್ಲಿಗೆ ಹೋಗ್ಲಿ? ಹೊತ್ಕೊಂಡು ಸುಯಾಮಾಯಿಗೆ ಬನ್ನಿ. ಈಗಲೇ ಹೊರಡಿ. ನಾನು ಅಲ್ಲೇ ಇರ್ತೀನಿ.”

ಆ ಕ್ಷಣ ಲಾಕರಿ ನನ್ನ ಹೆಸರು ಹಿಡಿದು ಕರೆದರು. ರೇಡಿಯೋದಲ್ಲಿ ಅವರು ಎಂದೂ ಹಾಗೆ ಕರೆಯುವವರಲ್ಲ. ಇಳಿಯಿರಿ ಎನ್ನಲು ಬಾಯಿ ಬರಲಿಲ್ಲ, ಬನ್ನಿ ಎನ್ನಲೂ ಬರಲಿಲ್ಲ.

ಮಾತಿನಂತೆ ಅವರು ಸುಯಾಮಾಯಿಯಲ್ಲೇ ಉಳಿದರು, ವಿಮಾನದ ಕೆಳಗೆ ಮಲಗಿದರು. ಹೊಳೆಯ ಹತ್ತಿರ ಯೂನಿಸ್ ತೀರಿಹೋದಳು ಎಂದೂ, ಅವಳನ್ನು ಹೊತ್ತವರು ಅಲ್ಲಿಂದಲೇ ಹಿಂದಕ್ಕೆ ತಿರುಗಿದರು ಎಂದೂ ಅವರಿಗೆ ಗೊತ್ತಾದದ್ದು ವಾಂಬಿ ಒಬ್ಬನೇ ಕಾಡಿನಿಂದ ಹೊರಗೆ ಬಂದಾಗ. ಮೈಗೆಲ್ಲ ಸೂತಕದ ಜೇಡಿ ಬಳಿದುಕೊಂಡಿದ್ದನಂತೆ. ಬೆನ್ನ ಮೇಲೆ ಮಗುವಿದ್ದ ಬಿಲುಮ್ ಬಿಚ್ಚಿ ಅಣ್ಣನ ಕಾಲ ಹತ್ತಿರ ಇಟ್ಟು, “ನಿನ್ನ ವಿಮಾನಕ್ಕೆ ಇವಳ ತೂಕ ಜಾಸ್ತಿ ಆಗಲ್ಲ ಅಲ್ವಾ? ತಗೊಂಡು ಹೋಗು” ಎಂದು ಹೇಳಿ ತಿರುಗಿ ನಡೆದುಬಿಟ್ಟನಂತೆ. ಲಾಕರಿ ಹಿಂದೆ ಹೋಗಿ ಕೈ ಹಿಡಿದರೆ ಕೊಡವಿಕೊಂಡನಂತೆ.

ಆಸ್ಪತ್ರೆಯಲ್ಲಿ ಮಗುವನ್ನು ನೋಡಿ, ಸಕ್ಕರೆ ನೀರು ಕುಡಿಸಿ, ರಾತ್ರಿ ಇಟ್ಟುಕೊಂಡು, ಬೆಳಿಗ್ಗೆ ಕಳಿಸಿದರು. ನಾನು ಎದೆಗೆ ಬಟ್ಟೆ ಬಿಗಿದುಕೊಂಡು ಹಾಲು ಬತ್ತಿಸಿಕೊಳ್ಳುತ್ತಿದ್ದ ದಿನಗಳು ಅವು. ನಿಮ್ಮ ತಮ್ಮ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ. “ಇವಳಿಗೆ ಹಸಿವಾಗಿದೆ” ಎಂದರು, ಅಷ್ಟೇ. ನಾನು ಎದ್ದು ಬಟ್ಟೆ ಬಿಚ್ಚಿದೆ.

ಅಕ್ಕ, ಅಂದಿನಿಂದ ಅವರು ಒಂದು ದಿನವೂ ಕೆಲಸ ತಪ್ಪಿಸಿಲ್ಲ. ತಗಡು ಒಯ್ಯುತ್ತಾರೆ, ಲಸಿಕೆ ಒಯ್ಯುತ್ತಾರೆ, ಶಾಲೆಯ ಪುಸ್ತಕ, ಕೋಳಿಮರಿ, ಹೆಣ ಒಯ್ಯುತ್ತಾರೆ. ಸಂಜೆ ನಾನು ಮಗುವನ್ನು ಕಟ್ಟಿಕೊಂಡು ಹೋಗಿ ಸೀಟಿನ ಮೇಲಿನ ವಾಂತಿ ತೊಳೆಯುತ್ತೇನೆ, ಅವರು ಇಂಜಿನ್ ಒರೆಸುತ್ತಾರೆ. ಮೊದಲು ಒರೆಸುವಾಗ ಹಾಡುತ್ತಿದ್ದರು. ನಿಮ್ಮ ಊರಿನ ಹಾಡುಗಳು, ಸ್ವರ ಸರಿಯಿಲ್ಲದ್ದು. ಈಗ ಬರೀ ಒರೆಸುತ್ತಾರೆ. ರೆಕ್ಕೆಯ ಕೆಳಗೆ ಪ್ರಾರ್ಥನೆ ಮಾಡುವ ಹೊತ್ತಿಗೆ, ಇವತ್ತು ನೀವು ಮಾಡಿ ಎಂದು ಪ್ರಯಾಣಿಕರಲ್ಲೇ ಯಾರಿಗಾದರೂ ಹೇಳುತ್ತಾರೆ. ಊರಿಗೆ ಹೊರಟ ಮುದುಕಿಯೊಬ್ಬಳು ಮೊನ್ನೆ ಕೇಳಿಯೇಬಿಟ್ಟಳು: “ಯಾಕಪ್ಪ, ಪೈಲಟ್ಟಿಗೆ ದೇವ್ರ ಜೊತೆ ಜಗಳವಾ?” ಅವರು ಅವಳ ಕೈ ಹಿಡಿದು ಹತ್ತಿಸಿದರು.

ಕೆಳಗಿನ ತುದಿಗೆ ಆಳವಾದ ಚರಂಡಿ ತೋಡಿ ನೀರು ಹರಿಸಿ, ಕುಸಿದ ದಂಡೆಗೆ ಕಲ್ಲು ತುಂಬಿದರೆ ಮತ್ತೆ ಪರೀಕ್ಷೆ ಮಾಡಿ ರನ್‌ವೇ ತೆರೆಯಬಹುದು ಎಂದು ಮಿಷನ್‌ನವರು ಹೇಳಿದ್ದಾರೆ. ನಿಮ್ಮ ಊರಿನವರು ಪಾಸ್ಟರ್ ಮೂಲಕ ಕೊಟ್ಟ ಉತ್ತರವೂ ಬಂತು: “ಮುಚ್ಚಿದವನೇ ಬಂದು ತೆಗೀಲಿ.” ಬೇರೆಯವರು ಅದನ್ನು ಕೋಪದ ಮಾತು ಎಂದುಕೊಂಡರು. ನಿಮ್ಮ ತಮ್ಮ ಮಾರನೆಯ ದಿನವೇ ರಜೆ ಕೇಳಿ ಗುದ್ದಲಿ ಕೊಂಡು ತಂದರು. ಒಬ್ಬರೇ ಅಷ್ಟನ್ನು ಅಗೆಯಲು ಆಗುತ್ತದೆಯೇ ಎಂದು ಕೇಳಿದೆ. “ಅಪ್ಪ ಶುರು ಮಾಡಿದಾಗ ಒಬ್ನೇ ಇದ್ದ” ಎಂದರು.

ನಿಮ್ಮನ್ನು ನಾನು ಕೇಳಿಕೊಳ್ಳುವುದು ಇಷ್ಟೇ. ಅವರು ಬಂದಾಗ ವಾಂಬಿಯ ಅಂಗಳಕ್ಕೆ ಮೊದಲು ಹೋಗಲು ಬಿಡಬೇಡಿ. ನೀವೇ ಬೇಲಿಯ ತನಕ ಹೋಗಿ ಕರೆದುಕೊಳ್ಳಿ. ಯೂನಿಸ್‌ಳ ತಮ್ಮಂದಿರು ಬಿಲ್ಲು ಹಿಡಿದು ಓಡಾಡುತ್ತಿದ್ದಾರೆ ಎಂದು ಕೇಳಿದ್ದೇನೆ. ನೀವು ಪಕ್ಕದಲ್ಲಿದ್ದರೆ ಅವರು ಬಾಣ ಹೂಡುವುದಿಲ್ಲ. ನಿಮ್ಮ ಒಲೆಯ ಹತ್ತಿರ ಕೂರಿಸಿ, ಬೂದಿಯಲ್ಲಿ ಸುಟ್ಟ ಗೆಣಸು ಕೊಡಿ. ಕಾಲು ನೋಡಿ, ಅವರಿಗೆ ಈಗ ನಡೆದು ಅಭ್ಯಾಸವಿಲ್ಲ, ಗುಳ್ಳೆ ಎದ್ದಿರುತ್ತವೆ. ನಮ್ಮ ಮಗನ ವಿಷಯ ನಿಮಗೆ ಗೊತ್ತಿದೆ ಎಂದು ತೋರಿಸಿಕೊಳ್ಳಬೇಡಿ. ಅವರೇ ಹೇಳಿದರೆ ಕೇಳಿ. ಹೇಳಿದರೆ ಒಳ್ಳೆಯದು. ನನ್ನೆದುರು ಅವರು ಇನ್ನೂ ಅತ್ತಿಲ್ಲ.

ವಾಂಬಿ ಅಗೆಯಲು ಬರದಿದ್ದರೆ ಒತ್ತಾಯ ಬೇಡ. ಅವನು ದೂರದಲ್ಲಿ ಕೂತು ನೋಡಿದರೂ ಸಾಕು.

ನಿಮ್ಮ ಮನೆಯ ಸೊಸೆ,
ಗೆವಾ

ಮರೆತೆ: ರನ್‌ವೇ ತೆರೆದ ಮೇಲೆ ಮೊದಲ ವಿಮಾನದಲ್ಲೇ ಮಗುವನ್ನು ಕರೆತಂದು ಅವಳ ಅಪ್ಪನ ಕೈಗೆ ಕೊಡುತ್ತೇನೆ ಎಂದು ಲಾಕರಿ ಅಲ್ಲಿ ಮಾತು ಕೊಡುತ್ತಾರೆ. ನನ್ನನ್ನು ಕೇಳಿದರು, ಆಗಲಿ ಎಂದೆ. ಮರೆತೆ ಎಂದು ಬರೆದದ್ದು ಸುಳ್ಳು ಅಕ್ಕ. ಬೆಳಿಗ್ಗೆಯಿಂದ ನನ್ನ ತಲೆಯಲ್ಲಿರುವುದು ಇದೊಂದೇ. ಅವಳಿಗೆ ಹಾಲು ಕೊಡುವಾಗ ನಿಮ್ಮ ಕಡೆ ದಿನಾ ಮಳೆ ಸುರಿಯಲಿ, ತೋಡಿದ ಚರಂಡಿ ಮುಚ್ಚಿಹೋಗಲಿ ಎಂದು ಬೇಡಿಕೊಳ್ಳುತ್ತೇನೆ. ಊರೂರಿನ ಹವೆ ಕೇಳುವ ಹೆಂಗಸು ನಾನು, ನನ್ನ ಬಾಯಲ್ಲಿ ಇಂಥ ಪ್ರಾರ್ಥನೆ. ನಿಮ್ಮ ಪಕ್ಕದ ಮನೆಯ ಹುಡುಗಿಗೆ ದಿನ ತುಂಬುತ್ತಿದೆ ಎಂದು ಪಾಸ್ಟರ್ ಹೇಳಿದರು. ನನ್ನ ಮಾತು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಎಲ್ಲರನ್ನೂ ಕರೆಯಿರಿ, ಬೇಗ ಅಗೆಯಿರಿ.