ನರಸಮ್ಮನ ಮಣ್ಣು

ತುಮಕೂರು,
17-9-2025, ಬುಧವಾರ

ಪ್ರೀತಿಯ ತಮ್ಮಾ ಭೀಮರಾಜಾ,

ನಿನ್ನ ಬಿ.ಪಿ. ಹೇಗಿದೆ? ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀಯೋ, ಇಲ್ಲ ನೆನಪಾದಾಗಲೋ? ಮಾಲಿನಿಯ ಮಂಡಿ ನೋವು ಕಡಿಮೆಯಾಯಿತೇ? ಹೆಂಡತಿಯನ್ನು ಮಹಡಿ ಮೆಟ್ಟಿಲು ಹತ್ತಿಸಬೇಡ. ಅತ್ತೆ ಮನೆಯ ಊಟ ನಿನಗೆ ಒಗ್ಗಿದೆ ಎಂದು ನಿನ್ನ ಧ್ವನಿಯೇ ಹೇಳುತ್ತಿದೆ. ದಿನಾ ಬೆಳಿಗ್ಗೆ ಆರಕ್ಕೆ ಸಭೆಯ ಗ್ರೂಪಿಗೆ ಪಾಸ್ಟರಾಗಿ ನೀನು ಕಳಿಸುವ ಆಡಿಯೋ ಕೇಳುತ್ತೇನಲ್ಲ. ಪ್ರಿಯ ದೇವಜನರೇ, ಹೊರಗೆ ಏನೇ ನಡೆಯಲಿ, ಒಳಗೆ ಸಮಾಧಾನವಿರಲಿ ಅನ್ನುತ್ತೀಯ. ಕೋಲಾರದಾಚೆ ಮಾವನ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತವನಿಗೆ ಒಳಗೆ ಸಮಾಧಾನ ಇರದೆ ಇನ್ನೇನಿರುತ್ತದೆ? ಈ ಸಂಗತಿಯನ್ನು ಮೊಬೈಲಿನಲ್ಲೇ ಬರೆಯಬಹುದಿತ್ತು. ಬರೆದರೆ ಕೈ ಮುಗಿದ ಚಿತ್ರವೊಂದನ್ನು ಒತ್ತಿ ಮುಗಿಸುತ್ತೀಯ. ಅದಕ್ಕೇ ಕಾಗದ.

ನರಸಮ್ಮ ಶನಿವಾರ ಮಧ್ಯಾಹ್ನ ತೀರಿಕೊಂಡಳು. ಹೆಬ್ಬೂರಿನಾಚೆ ನಮ್ಮೂರಿನಲ್ಲಿ ನೀನು ಕಟ್ಟಿಸಿದ ಶೀಟಿನ ಪ್ರಾರ್ಥನಾ ಮನೆಯಲ್ಲಿ ಕಸ ಗುಡಿಸಿ ಚಾಪೆ ಹಾಸುತ್ತಿದ್ದ ಅದೇ ಮುದುಕಿ. ಜೂನ್ ತಿಂಗಳ ಆ ಭಾನುವಾರ ಏಳೆಂಟು ಜನ ಬೈಕುಗಳಲ್ಲಿ ಬಂದು, ತಬಲ ಒದ್ದು, ಬೈಬಲ್ಲುಗಳನ್ನು ಚರಂಡಿಗೆಸೆದು, ಬಾಗಿಲಿಗೆ ತಮ್ಮದೇ ಬೀಗ ಜಡಿದರಲ್ಲ, ಅವತ್ತು ನಮ್ಮ ಮೂವತ್ತು ಜನರಲ್ಲಿ ಒಬ್ಬರಿಗೂ ಬಾಯಿ ಇರಲಿಲ್ಲ. ನೀನು ಸಂಜೆಯೊಳಗೆ ಊರು ಬಿಟ್ಟೆ. ನಾನೇನು ಕಮ್ಮಿಯಲ್ಲ ಬಿಡು. ಗುಬ್ಬಿಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸು. ನೌಕರಿ ಹೋದೀತೆಂದು ಕತ್ತಿನ ಶಿಲುಬೆ ಬಿಚ್ಚಿ ಪರ್ಸಿಗೆ ತುರುಕಿಕೊಂಡು ಹಿಂದಿನ ಬೇಲಿ ನುಸುಳಿದವಳು. ಆದರೆ ಹಾಗೆ ನುಸುಳಿ ಬಂದು ಮಾರನೆಯ ದಿನದಿಂದಲೇ ಜನಕ್ಕೆ ಸಮಾಧಾನ ಬೋಧಿಸುವಷ್ಟು ನಾಚಿಕೆ ಬಿಟ್ಟಿಲ್ಲ. ನರಸಮ್ಮ ಮಾತ್ರ ಮುಂದಿನ ಭಾನುವಾರವೂ ಬಂದಳು. ಬೀಗ ಹಾಕಿದ ಬಾಗಿಲ ಮುಂದೆ ಗುಡಿಸಿದಳು, ಒಂದು ಗಂಟೆ ಕೂತಳು, ಎದ್ದು ಹೋದಳು. ಹೀಗೆ ಹನ್ನೆರಡು ಭಾನುವಾರ. ಅವಳ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಲು ಹೋದಾಗಲೆಲ್ಲ ನಾನು ಬೈದೆ. ಬುದ್ಧಿ ಬೇಡ್ವಾ ಅಜ್ಜಿ, ಯಾಕೆ ಅಲ್ಲಿ ಹೋಗಿ ಕೂರ್ತೀಯ ಎಂದರೆ, "ಭಾನ್ವಾರ ಇನ್ನೆಲ್ಲಿಗ್ ವೋಗ್ಲವ್ವ?" ಅನ್ನುತ್ತಿದ್ದಳು. ಪೆದ್ದಿ ಎಂದುಕೊಂಡಿದ್ದೆ.

ಮಕ್ಕಳಿಲ್ಲದವಳು. ಹೆಣದ ಪಕ್ಕ ಕೂತವರು ನಾನು ಮತ್ತು ಪಕ್ಕದ ಮನೆಯ ರೇವಮ್ಮ, ಇಬ್ಬರೇ. ರೇವಮ್ಮ ನಮ್ಮ ಸಭೆಯವಳಲ್ಲ, ಸೋಮವಾರ ತಪ್ಪದೆ ಶಿವನ ಗುಡಿಗೆ ಹೋಗುವವಳು. ನಿನಗೆ ಆರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅಷ್ಟರಲ್ಲಿ ಊರ ಸ್ಮಶಾನದ ಗೇಟಿಗೆ ಆ ಬೈಕಿನವರೇ ಬಂದು ನಿಂತರು. ಇಲ್ಲಿ ಮಣ್ಣು ಮಾಡಂಗಿಲ್ಲ ಎಂದರು. ತುಮಕೂರಿನ ನಿನ್ನ ಗುರುಪ್ರಕಾಶ್ ಅವರಿಗೆ ಫೋನ್ ಮಾಡಿದೆ. ಇಸ್ತ್ರಿ ಷರಟಿನ ಸಭಾ ಹಿರಿಯರು, ಹೋದ ತಿಂಗಳು ತಾನೇ ಕುಣಿಗಲ್ ರಸ್ತೆಯ ರೆಸಾರ್ಟಿನಲ್ಲಿ ಕಷ್ಟಕಾಲದ ಅಂತರಂಗ ಶಾಂತಿ ಎಂದು ಎರಡು ದಿನದ ಶಿಬಿರ ನಡೆಸಿದವರು. ನೀವೊಬ್ಬರು ಬಂದು ನಿಂತರೆ ಸಾಕು ಸರ್ ಎಂದೆ. "ಸಿಸ್ಟರ್, ಈಗ ಟೈಮ್ ಸರಿಯಿಲ್ಲ. ಇಲ್ಲಿಂದಲೇ ಪ್ರೇಯರ್ ಮಾಡ್ತೀವಿ. ನೀವು ಮಾತ್ರ ಸಮಾಧಾನ ಕಳ್ಕೋಬೇಡಿ" ಎಂದರು. ಹೆಣದ ಮೇಲಿನ ನೊಣ ಓಡಿಸುತ್ತಾ ಕೇಳಿಸಿಕೊಂಡೆ. ಇವರ ಶಾಂತಿಗೆ ಹೆಣದ ವಾಸನೆ ಆಗಿಬರುವುದಿಲ್ಲ.

ಕೊನೆಗೆ ಜಾಗ ಕೊಟ್ಟವರು ಸದಾಶಿವಯ್ಯ. ನರಸಮ್ಮ ಮೂವತ್ತು ವರ್ಷ ಅವರ ಕೊಟ್ಟಿಗೆಯ ಸಗಣಿ ಬಾಚಿದ್ದಳು. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿಯಲ್ಲಿ ಬಂದವರು, "ನಮ್ಮೋರ್ನೂ ಮಣ್ಗೇ ಇಡೋದು ಕಣವ್ವ. ನಮ್ ತೋಟದ್ ಮೂಲೇಲಿ ಇಟ್ಬುಡಿ. ಆದ್ರೆ ಶಿಲುಬೆ ಬ್ಯಾಡ, ಹಾಡು ಗೀಡು ಬ್ಯಾಡ. ನಾಳೆ ನಾನೂ ಊರಲ್ಲಿ ಬಾಳ್ಬೇಕು" ಎಂದರು. ಮೂವತ್ತು ವರ್ಷದ ದುಡಿಮೆಗೆ ಆರಡಿ ಜಾಗ, ಅದಕ್ಕೂ ಷರತ್ತು. ಕೈ ಮುಗಿದೆ, ಬಾಯಿ ಕಹಿಯಾಯಿತು. ಆದರೂ ಬೈಕುಗಳು ತೋಟದ ಬೇಲಿಯವರೆಗೆ ಬಂದಾಗ ಒಬ್ಬರೇ ಹೋಗಿ ಅಡ್ಡ ನಿಂತು, "ಇದು ನಮ್ಮಪ್ಪನ್ ಜಮೀನು. ಯಾವನ್ಲಾ ಒಳಿಕ್ ಬರೋನು?" ಎಂದವರು ಅವರೇ. ನಮ್ಮ ಮೂವತ್ತು ಜನ ಆಡದ ಮಾತನ್ನು ಎಪ್ಪತ್ತು ದಾಟಿದ ಅವರೊಬ್ಬರು ಆಡಿದರು. ಬೈಕುಗಳು ಸ್ವಲ್ಪ ಹೊತ್ತು ಗುರುಗುಟ್ಟಿ ತಿರುಗಿ ಹೋದವು.

ಗುಂಡಿಯ ಬಳಿ ನಮ್ಮ ಸಭೆಯವರು ನಾಲ್ಕೇ ಜನ. ಓದಲು ನಾನೇ ನಿಂತೆ. ಕೈಯಲ್ಲಿದ್ದದ್ದು ಚರಂಡಿಯಿಂದ ಎತ್ತಿ ಒಣಗಿಸಿದ ಬೈಬಲ್ಲು. ಹಾಳೆಗಳು ಅಂಟಿಕೊಂಡಿದ್ದವು, ಬಿಡಿಸಹೋದರೆ ಹರಿಯುತ್ತಿದ್ದವು. ಚಿಕ್ಕಂದಿನಿಂದ ಬಾಯಿಪಾಠ ಇದ್ದದ್ದೂ ಮರೆತುಹೋಗಿತ್ತು. ನಿನ್ನನ್ನೂ ಗುರುಪ್ರಕಾಶರನ್ನೂ ಬೈಯುವ ಮಾತು ಬಿಟ್ಟರೆ ತಲೆಯಲ್ಲಿ ಬೇರೆ ಮಾತೇ ಇರಲಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಆಗ ರೇವಮ್ಮ ಪಕ್ಕಕ್ಕೆ ಬಂದು, "ಅಕ್ಕಾ, ಅವ್ಳು ದಿನಾ ವತ್ತಾರೆ ಹೇಳ್ಕತಿದ್ದುದ್ದು ನಂಗ್ ಬತ್ತದೆ. ನಮ್ಮಿಬ್ರುದೂ ಒಂದೇ ಗೋಡೆ ಅಲ್ವಾ, ಕೇಳೀ ಕೇಳೀ ಬಂದ್ಬುಟ್ಟದೆ. ಹೇಳ್ಲಾ?" ಎಂದಳು. ಹೇಳು ಎಂದೆ. ತಲೆ ಮೇಲೆ ಸೆರಗು ಎಳೆದುಕೊಂಡು ಹೇಳಿದಳು: "ಯೇಸಪ್ಪಾ, ಇವತ್ತು ಯಾರ್ ಮ್ಯಾಲೂ ಸಿಟ್ಟು ಬರ್ದಂಗ್ ನೋಡ್ಕಳಪ್ಪ. ಬಂದ್ರೂ ಮುದ್ದೆ ಉಣ್ಣೋ ವತ್ಗೆ ಇಳ್ಸ್ಬುಡು. ಸಿಟ್ನಾಗ್ ಉಂಡಿದ್ದು ಮೈಗತ್ತಕಿಲ್ಲ." ಅಷ್ಟೇ. ಆಮೆನ್ ಅನ್ನಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ನಾವು ಅಂದೆವು. ಬೇಲಿಯ ಹತ್ತಿರ ನಿಂತಿದ್ದ ಸದಾಶಿವಯ್ಯ ಟವೆಲಿನಲ್ಲಿ ಮುಖ ಒರೆಸಿಕೊಂಡರು.

ನಿನ್ನ ಆಡಿಯೋದಲ್ಲಿ ಸುರಿಯುತ್ತದಲ್ಲ, ಅಂಥ ಜೇನಿನ ಸಮಾಧಾನ ನನಗೆ ಸಿಗಲಿಲ್ಲ ಕಣೋ. ಸಿಟ್ಟೂ ಇಳಿದಿಲ್ಲ, ಓದುತ್ತಿದ್ದೀಯಲ್ಲ. ಆದರೆ ಅವತ್ತು ಸನಿಕೆ ಹಿಡಿದು ನಾನೂ ಮಣ್ಣು ಎಳೆದೆ. ಸ್ನಾನ ಮಾಡಿ ರೇವಮ್ಮನ ಮನೆಯಲ್ಲೇ ಉಂಡೆ. ಸೋಮವಾರ ಶಿಲುಬೆಯನ್ನು ಎಲ್ಲರಿಗೂ ಕಾಣುವಂತೆ ಹಾಕಿಕೊಂಡು ಗುಬ್ಬಿ ಬಸ್ಸು ಹತ್ತಿದೆ. ವಾರ್ಡಿನಲ್ಲಿ ಯಾರೂ ಏನೂ ಕೇಳಲಿಲ್ಲ. ಮೂರು ತಿಂಗಳು ಇದಕ್ಕೇ ಹೆದರಿದ್ದೆನೇ ಎಂದು ನನ್ನ ಮೇಲೆಯೇ ಅಸಹ್ಯವಾಯಿತು. ನಾಳೆ ಯಾರಾದರೂ ಕೇಳಲೂಬಹುದು, ಕೇಳಲಿ. ಇದು ಕೃಪೆಯೋ, ಬರೀ ಸುಸ್ತೋ, ವಿವರಿಸುವುದು ನಿನ್ನ ಕಸುಬು, ನನ್ನದಲ್ಲ.

ಮಾಲಿನಿಯನ್ನು ಕೇಳಿದೆನೆಂದು ಹೇಳು, ಅವಳ ತಂದೆತಾಯಿಗೆ ವಂದನೆ ತಿಳಿಸು. ಕರ್ತನು ನಿನ್ನನ್ನು ಕಾಯಲಿ. ಕಾದೂ ಕಾದೂ ನನಗಂತೂ ಸಾಕಾಗಿದೆ.

ನಿನ್ನ ಅಕ್ಕ,
ಮೋನಿಕಾ

ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದು ಬರೆಯುತ್ತಿದ್ದೇನೆ. ಕೊನೆಯ ಗಳಿಗೆಯಲ್ಲಿ ನರಸಮ್ಮ ಕಣ್ಣು ಬಿಟ್ಟು, "ನಮ್ ಪಾಸ್ಟ್ರಯ್ನೋರು ಬತ್ತಾವ್ರಾ?" ಎಂದು ಕೇಳಿದಳು. "ಹೂಂ ಅಜ್ಜಿ, ದಾರೀಲವ್ನೆ" ಎಂದೆ. "ನಿಧಾನುಕ್ ಬರ್ಲಿ, ಪಾಪ" ಎಂದು ಕಣ್ಣು ಮುಚ್ಚಿದಳು. ಸಾಯುವವಳಿಗೆ ನಾನು ಸುಳ್ಳು ಹೇಳಿದ್ದೇನೆ ಭೀಮಾ. ಅದನ್ನು ನಿಜ ಮಾಡಲು ನಿನ್ನೊಬ್ಬನಿಂದ ಮಾತ್ರ ಆದೀತು. ಹೊರಟು ಬಾ.